ಅಮಲ್ದಾರನಿಗೆ ಮುಂದಿನ ಸೀಟು ಕೊಟ್ಟ ಮೋಟಾರ್ ಕಂಪನಿಯವರಿಗೆ

ಶ್ರೀ ಸುಖಪ್ರಯಾಣ ಮೋಟಾರ್ ಸರ್ವಿಸಿನ ಮಾನ್ಯ ಯಜಮಾನರ ಸನ್ನಿಧಿಗೆ, ಅರಕಲಗೂಡು ಪೇಟೆಯ ಜವಳಿ ವ್ಯಾಪಾರಿ ಪರಮಶಿವಯ್ಯನ ಶರಣಾರ್ಥಿಗಳು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೂ ಇದ್ದಿಲ ಹೊಗೆಯ ಬಲದಿಂದಲೇ ಜನರನ್ನು ಹಾಸನ ಮುಟ್ಟಿಸುತ್ತಿರುವ ತಾವು, ಏರು ಬಂದಲ್ಲಿ ನಾವೇ ಇಳಿದು ಬಸ್ಸು ತಳ್ಳುವ ಅವಕಾಶವನ್ನೂ ಕಲ್ಪಿಸಿ ಪ್ರಜೆಗಳ ಆರೋಗ್ಯ ಕಾಪಾಡುತ್ತಿದ್ದೀರಿ. ಇಂಥ ಉಪಕಾರಿಗಳ ಮೇಲೆ ದೂರು ಬರೆಯಲು ಕೈ ಬಾರದು. ಆದರೆ ನಮ್ಮ ಅತ್ತೆಯವರು ಎದುರಿಗೇ ಕೂತು ಬರೆಸುತ್ತಿರುವುದರಿಂದ ನನಗೆ ಬೇರೆ ದಾರಿಯಿಲ್ಲ.

ಅತ್ತೆ ದಾಕ್ಷಾಯಣಮ್ಮನವರ ಕಣ್ಣಿಗೆ ಪೊರೆ ಬಂದು ಬಹಳ ವರ್ಷಗಳಾಗಿದ್ದವು. ಅವರನ್ನು ಬೀದಿಯಲ್ಲಿ ನಡೆಸುತ್ತಿದ್ದುದು ಒಂದು ನಾಯಿ. ಯಾರೂ ಕಲಿಸಿದ್ದಲ್ಲ, ಕೊರಳ ಹಗ್ಗದ ತುದಿ ಹಿಡಿದರೆ ಸಾಕು, ಗುಂಡಿ ತಪ್ಪಿಸಿ, ಗಾಡಿ ಬಂದರೆ ನಿಂತು, ಅವರನ್ನು ಮಠಕ್ಕೂ ಸಂತೆಗೂ ಕರೆದೊಯ್ಯುತ್ತಿತ್ತು. ದಾರಿಯಲ್ಲಿ ಪ್ರತಿ ಮನೆಯ ಮುಂದೂ ನಿಂತು ವಿಚಾರಿಸಿ, ಕೊಟ್ಟದ್ದನ್ನು ತಿಂದು, ಮುಂದಿನ ಮನೆಗೆ ಹೋಗುವ ಅದರ ಗತ್ತಿಗೆ ಅತ್ತೆಯವರೇ ಅಮಲ್ದಾರ ಎಂದು ಹೆಸರಿಟ್ಟರು. ತಾಲ್ಲೂಕಿನ ನಿಜವಾದ ಅಮಲ್ದಾರರು ಇದನ್ನು ಓದುತ್ತಿದ್ದರೆ, ಹೆಸರು ಗೌರವದಿಂದಲೇ ಇಟ್ಟದ್ದು.

ಹಾಸನದ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುತ್ತಾರೆ, ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ ಎಂದು ತಿಳಿದು, ನಾವಿಬ್ಬರೂ ಅಮಲ್ದಾರನೊಂದಿಗೆ ತಮ್ಮ ಬಸ್ಸಿನ ಬಾಗಿಲಿಗೆ ಬಂದೆವು. ಒಳಗೆ ಸೀಟಿನ ಕೆಳಗೆ ಕೋಳಿಗಳೂ ನಡುವೆ ಒಂದು ಟಗರೂ ಸುಖವಾಗಿದ್ದವು. ಕಂಡಕ್ಟರ್ ಬೋರಪ್ಪ ಕೈ ಅಡ್ಡ ಹಿಡಿದ.

“ನಾಯಿ ಅತ್ತಂಗಿಲ್ಲ ಕಣಜ್ಜಿ. ರೂಲ್ಸು.”

“ಟಗರಿನ ವಾಸ್ನೆ ಬತ್ತಾ ಅದಲ್ಲಾ, ಅದೆಂಗೆ ಅತ್ತುಸ್ದಪ್ಪಾ?”

“ಟಗರು ಸಾಮಾನು ಅಜ್ಜಿ. ನಾಯಿ ಸಾಮಾನಲ್ಲ.”

ಏಜೆಂಟ್ ಚಂದ್ರಶೇಖರಯ್ಯನವರು ಬಂದು ಸಮಾಧಾನವಾಗಿ ವಿವರಿಸಿದರು. ನಾಯಿ ಬಸ್ಸಿನ ಮೇಲೆ ಕೂತು ಹೋಗಬಹುದು, ಆದರೆ ಒಡೆಯರು ಪಕ್ಕದಲ್ಲಿರಬೇಕು; ಬಸ್ಸಿನ ಮೇಲೆ ಮನುಷ್ಯರು ಕೂರುವಂತಿಲ್ಲ. ಒಳಗೇ ಬರಬೇಕಾದರೆ ರೋಗವಿಲ್ಲವೆಂದು ದನದ ಡಾಕ್ಟರ ಸರ್ಟಿಫಿಕೇಟು ಬೇಕು. ಆ ಡಾಕ್ಟರಿರುವುದು ಹಾಸನದಲ್ಲಿ. ಅಲ್ಲಿಗೆ ಹೋಗಲು ತಮ್ಮ ಬಸ್ಸಿದೆ. ಇಷ್ಟು ದುಂಡಗಿನ ನಿಯಮವನ್ನು ಬರೆದ ಕೈಗೆ ಬಂಗಾರದ ಬಳೆ ತೊಡಿಸಬೇಕು.

ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗೋಣವೆಂದು ನಾನೂ ಹೇಳಿ ನೋಡಿದೆ. ಅತ್ತೆ ಹಗ್ಗ ಬಿಡಲಿಲ್ಲ. “ಇಷ್ಟ್ ವರ್ಸ ನಂಗೆ ಕಣ್ಣಾಗವ್ನೆ. ಅವನ ಮಕ ಎಂಗದೆ ಅಂತ ನಂಗೊತ್ತಿಲ್ಲ. ಕಣ್ಣು ಬಂದ್ರೆ ಮೊದ್ಲು ಅವನ್ನೇ ನೋಡ್ಬೇಕು. ಇಲ್ದಿದ್ರೆ ಈ ಪೊರೆ ಇಂಗೇ ಇರ್ಲಿ ಬುಡಿ” ಎಂದು ಮನೆಯ ಕಡೆ ತಿರುಗಿದರು. ಬಸ್ಸು ಹೊರಟುಹೋಯಿತು.

ಆ ಸಂಜೆ ನಾನು ಏಜೆಂಟರಿಗೆ ಒಂದು ಮಾತು ಹೇಳಿ ಕಳಿಸಿದೆ: ನಾಳೆ ಅಮಲ್ದಾರರು ಹಾಸನಕ್ಕೆ ದಯಮಾಡಿಸುತ್ತಾರೆ, ಜೊತೆಗೆ ನಮ್ಮ ಅತ್ತೆಯೂ ಇರುತ್ತಾರೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ. ಬೆಳಿಗ್ಗೆ ನೋಡಿದರೆ ಡ್ರೈವರ ಪಕ್ಕದ ಸೀಟಿಗೆ ಜಮಖಾನ ಹಾಸಿದೆ. ಅಲ್ಲಿ ಕೂರಲು ಬಂದವರನ್ನೆಲ್ಲ ಗದರಿ ಹಿಂದಕ್ಕೆ ಕಳಿಸಿದ ಚಂದ್ರಶೇಖರಯ್ಯನವರು ದೊರೆಗಳ ಮರ್ಯಾದೆಗೆಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕಾದಿದ್ದಾರೆ.

“ಅಮಲ್ದಾರ್ರು ಎಲ್ಲಿ ಪರಮಶಿವಯ್ಯನೋರೇ?”

“ಇವರೇ” ಎಂದೆ.

ಅಮಲ್ದಾರ ನಿಂಬೆಹಣ್ಣನ್ನು ಮೂಸಿ ಸೀನಿದ. ಜನ ಬಿದ್ದು ಬಿದ್ದು ನಕ್ಕರು. ಕೆಂಪಾದ ಏಜೆಂಟರಿಗೆ ನಾನು ವಿನಯದಿಂದ ಅರಿಕೆ ಮಾಡಿಕೊಂಡೆ: ಅಮಲ್ದಾರರನ್ನು ಬಸ್ಸಿನಿಂದ ಇಳಿಸಿದರು ಎಂಬ ಸುದ್ದಿ ಕಚೇರಿ ಮುಟ್ಟಿದರೆ, ಯಾವ ಅಮಲ್ದಾರ ಎಂದು ಅಲ್ಲಿ ಯಾರಾದರೂ ಕೇಳುತ್ತಾರೋ ಇಲ್ಲವೋ ನಾನರಿಯೆ. ಅವರು ಹಣೆ ಒರೆಸಿಕೊಂಡು, “ಅತ್ಸಿ, ಅತ್ಸಿ, ಮೊದ್ಲು ಇಲ್ಲಿಂದ ಒಂಟೋಗಿ” ಎಂದರು. ಜಮಖಾನದ ಮೇಲೆ ಕೂತು ಅಮಲ್ದಾರ ಹೊಳೆನರಸೀಪುರದ ಮಾರ್ಗವಾಗಿ ಹಾಸನ ತಲುಪಿದ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಜಗಲಿಗೆ ಬಂದರು. ನಾಯಿ ಸಿಂಹದ ಬಣ್ಣದ್ದೆಂದು ನಾವೆಲ್ಲ ಅವರಿಗೆ ಹೇಳಿದ್ದೆವು. ಎದುರಿಗೆ ನಿಂತದ್ದು ಒಂದು ಕಿವಿ ಹರಿದ, ಬೂದಿಯಲ್ಲಿ ಹೊರಳಿದಂಥ ಬಣ್ಣದ ಜೀವ. “ಯಾರ್ಲಾ ನೀನು?” ಎಂದರು ಅತ್ತೆ. ಬಾಲ ಆಡಿತು. ನಂಬಿಕೆ ಬರದೆ ಅವರು ಕಣ್ಣು ಮುಚ್ಚಿ, ಅದರ ಮುಖ, ಕಿವಿ, ಕೊರಳನ್ನು ಕೈಯಿಂದ ತಡವಿದರು. “ಅಯ್ಯೋ, ನೀನೇ ಕಣ್ಲಾ! ಇಂಥಾ ಮಕ ಇಟ್ಕಂಡು ಊರೆಲ್ಲಾ ನನ್ನ ತಿರುಗಿಸ್ದಾ?” ಅಳಬಾರದೆಂದು ನರ್ಸಮ್ಮ ಗದರಿದರೂ ಅವರು ಕೇಳಲಿಲ್ಲ.

ಹಿಂದಿರುಗುವ ದಿನ ತಮ್ಮ ಹಾಸನದ ಸ್ಟ್ಯಾಂಡಿನಲ್ಲಿ, ಅಮಲ್ದಾರನ ಸುದ್ದಿ ಮುಟ್ಟಿಯೋ ಏನೋ, ಏರಿದ್ದ ಹೊಸ ಬೋರ್ಡು ನೋಡಿ ನನ್ನ ಮನಸ್ಸು ತುಂಬಿತು: ಕಣ್ಣಿಲ್ಲದವರನ್ನು ನಡೆಸುವ ನಾಯಿಗೆ ಬಸ್ಸಿನಲ್ಲಿ ಜಾಗವುಂಟು. ಬಾಗಿಲಲ್ಲಿ ಅದೇ ಬೋರಪ್ಪ ಕೈಯೆತ್ತಿ ಕೇಳಿದ, “ಇದೆಷ್ಟು ಬೆಳ್ಳು ಅಜ್ಜಿ?”

ಹೊಸ ಕಣ್ಣಿನ ಹೆಮ್ಮೆ ನೋಡಿ. “ಮೂರು ಕಣಪ್ಪಾ! ನಡೂ ಬೆಳ್ಳಲ್ಲಿ ತಾಮ್ರದ ಉಂಗ್ರ ಅದೆ” ಎಂದುಬಿಟ್ಟರು.

“ಕಣ್ ಕಾಣ್ತದಲ್ಲಾ. ಇನ್ನು ನಾಯಿ ಯಾಕೆ? ಕೆಳಗ್ ಬುಡಿ ಅದ್ನ.”

ಅತ್ತೆ ಕನ್ನಡಕ ತೆಗೆದು ನನ್ನ ಕೈಗಿತ್ತು, ನನ್ನ ಅಂಗವಸ್ತ್ರ ಎಳೆದುಕೊಂಡು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡರು. “ಈಗ ಕಾಣಕ್ಕಿಲ್ಲ. ಅತ್ಸಲಾ.”

ಕಣ್ಣು ಹೇಗೆ ಹೋಗಿರಬೇಕೆಂದು ಬೋರ್ಡಿನಲ್ಲಿ ಬರೆದಿರಲಿಲ್ಲ, ಬೋರಪ್ಪ ಹತ್ತಿಸಿದ. ಹೊಳೆನರಸೀಪುರ ಅತ್ತೆಯವರ ತವರು. ಅಲ್ಲಿನ ಹೇಮಾವತಿ ಹೊಳೆಯನ್ನು ಮತ್ತೆ ನೋಡಬೇಕೆಂದು ಆಸ್ಪತ್ರೆಯಲ್ಲಿ ದಿನವೂ ಹೇಳುತ್ತಿದ್ದವರು ಈಗ ಕಟ್ಟಿದ ಕಣ್ಣಲ್ಲೇ, “ಒಳೆ ಬಂತಾ?” ಎಂದು ಕೇಳುತ್ತಿದ್ದರು. ಹೊಳೆ ಬಂದಾಗ ಬೋರಪ್ಪ ಎದ್ದು ನಮಗೆ ಬೆನ್ನು ಮಾಡಿ ನಿಂತ. “ಅಜ್ಜೀ, ನಾನು ಆ ಕಡೀಕ್ ನೋಡ್ತಾ ಇವ್ನಿ. ನೀನು ಈ ಕಡೀಕ್ ನೋಡ್ಕೊ” ಎಂದ. ಅತ್ತೆ ಬಟ್ಟೆ ಸರಿಸಿ ಕನ್ನಡಕ ಹಾಕಿಕೊಂಡು, ಹೊಳೆ ಮರೆಯಾಗುವ ತನಕ ನೋಡಿದರು. ಬೋರಪ್ಪ ತಿರುಗಲಿಲ್ಲ.

ಆದ್ದರಿಂದ ಯಜಮಾನರಲ್ಲಿ ಬಿನ್ನಹ. ಬಸ್ಸು ಹತ್ತುವಾಗ ಬಿಚ್ಚಿಟ್ಟು, ಇಳಿದ ಮೇಲೆ ಹಾಕಿಕೊಳ್ಳುವಂಥ ಕಣ್ಣುಗಳನ್ನು ಕಂಪನಿಯ ವತಿಯಿಂದ ತರಿಸಿಕೊಡಿ. ಅದಾಗದಿದ್ದರೆ, ಕಣ್ಣು ಬಂದ ಕೂಡಲೇ ಇಷ್ಟು ಕಾಲ ನಡೆಸಿದವನನ್ನು ಬೀದಿಯಲ್ಲಿ ಬಿಟ್ಟು ಬರಬೇಕೆಂಬ ನೀತಿಯನ್ನು ಮೊದಲು ತಮ್ಮ ಮನೆಯಲ್ಲಿ ನಡೆಸಿ ತೋರಿಸಿ. ಬೋರಪ್ಪನಿಗೆ ಮಾತ್ರ ದಂಡ ಹಾಕಬೇಡಿ. ನಿಯಮ ಮೀರಿದ್ದನ್ನು ಅವನು ಕಣ್ಣಾರೆ ಕಂಡಿಲ್ಲ.

ಪ್ರಯಾಣ ಮುಗಿದರೂ ತಮ್ಮನ್ನು ಮರೆಯಲಾಗದ
ತಮ್ಮ ವಿಶ್ವಾಸಿ,
ಪರಮಶಿವಯ್ಯ

ಮಡಿಸುವ ಮುಂಚೆ ಇನ್ನೊಂದು ಮಾತು: ಅರಕಲಗೂಡಿನಲ್ಲಿ ಇಳಿದ ಅತ್ತೆ ಕನ್ನಡಕ ಸರಿಮಾಡಿಕೊಂಡು ತಮ್ಮ ಬಸ್ಸನ್ನು ಒಂದು ಸುತ್ತು ಬಂದು, ಹುರಿಯಲ್ಲಿ ಕಟ್ಟಿದ ಬಾಗಿಲನ್ನೂ ಹಿಂದೆ ಕಿಡಿ ಉಗುಳುವ ಇದ್ದಿಲ ಒಲೆಯನ್ನೂ ಕಣ್ತುಂಬ ನೋಡಿದರು. ಅವರ ಮಾತನ್ನು ಹಾಗೇ ಬರೆಯುತ್ತೇನೆ: “ಕಣ್ಣಿಲ್ಲ ಅಂತ ಇದ್ರೊಳೀಕೆ ಅತ್ತಿದ್ದೆ ಕಣಪ್ಪಾ. ಕಣ್ಣಿರೋರೂ ಅತ್ತಾರಾ?”