ಪಿನ್ನಿಗೊಂದು ತೂತು, ತೂತಿಗೊಂದು ಹೂವು

ಶನಿ ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಗಂಟು ಬೀಳುತ್ತಾನೆ. ನನಗೆ ಪಿನ್ನಿನ ರೂಪದಲ್ಲಿ ಬಿದ್ದ. ತೊಲಗಿದ ಅಂದುಕೊಂಡಾಗಲೆಲ್ಲ ಇನ್ನೊಂದು ಪ್ರಸಂಗ ತಯಾರಾಗಿರುತ್ತಿತ್ತು.

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರ್ಖಾನೆಯ ಗುಮಾಸ್ತನಾದ ನಾನು ಲೈಸೆನ್ಸ್ ತೆಗೆದುಕೊಂಡು ಹವ್ಯಾಸಕ್ಕೆಂದು ಮನೆಯಲ್ಲೇ ವೈರ್‌ಲೆಸ್ ಸೆಟ್ ಇಟ್ಟಿದ್ದೆ. ಮೈಸೂರಿನ ಗೆಳೆಯನಿಗೂ ಅದೇ ಹುಚ್ಚು. ಪ್ರತಿ ಭಾನುವಾರ ಬೆಳಿಗ್ಗೆ ಕಟಕಟ ಮೋರ್ಸ್ ಸಂಕೇತ ಕುಟ್ಟಿ ನನ್ನನ್ನು ಕರೆಯುತ್ತಿದ್ದ. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು. ಉತ್ತರ ಕೊಡೋಣವೆಂದರೆ ಸಂಕೇತ ಕುಟ್ಟುವ ನನ್ನ ಮೋರ್ಸ್ ಕೀಯ ಪಿನ್ನು ಸೆಟ್ಟಿನ ತೂತಿಗೆ ಸೇರುತ್ತಿರಲಿಲ್ಲ. "ದೀಪಾವಳಿಯೊಳಗೆ ನೀನು ಸಿಗದೆ ಹೋದ್ರೆ ಸೆಟ್ ಮಾರಿ ನನ್ನಾಕೆಗೆ ಹೊಲಿಗೆ ಮಿಷನ್ ತಗೋತೀನಿ" ಅಂತ ಅವನು ಮೊದಲೇ ಹೇಳಿದ್ದ. ಮಾತಿಗೆ ತಪ್ಪುವ ಪೈಕಿ ಅಲ್ಲ.

ಮಿಲ್ಟ್ರಿ ಮಾಲು

ಸೆಟ್ ಕೊಟ್ಟಿದ್ದ ಗುಜರಿ ಅಂಗಡಿಯವನ ಹತ್ತಿರವೇ ಹೋದೆ.

"ಇದಕ್ಕೆ ಸರಿಯಾದ ಪಿನ್ ಕೊಡಪ್ಪ."

"ಮಿಲ್ಟ್ರಿ ಮಾಲು ಸಾರ್ ಅದು. ಆ ಪಿನ್ನು ಯುದ್ಧದಲ್ಲಿ ಮಾತ್ರ ಬರ್ತಿತ್ತು."

"ಯುದ್ಧ ಮುಗಿದು ಎಷ್ಟು ವರ್ಷ ಆಯ್ತಯ್ಯಾ!"

"ಅದಕ್ಕೇ ಸಾರ್, ಬರೋದು ನಿಂತೋಗಿದೆ."

ಎಲ್ಲಕ್ಕೂ ಒಂದೇ

ಪಕ್ಕದ ಮನೆಯ ಫೋರ್‌ಮನ್ ಸಮಾಧಾನ ಹೇಳಿದರು. "ಹಳೇದೆಲ್ಲ ಕಿತ್ತಾಕಿ. ಕೀ, ಹೆಡ್‌ಫೋನು ಎರಡಕ್ಕೂ ಒಂದೇ ತರದ ಪಿನ್ನು, ಒಂದೇ ತರದ ತೂತು. ಆಮೇಲೆ ಹೊಂದಲಿಲ್ಲ ಅನ್ನೋ ಮಾತೇ ಇಲ್ಲ." ಅವರೇ ಕೂತು ಬೆಸುಗೆ ಹಾಕಿಕೊಟ್ಟರು.

ಆ ಭಾನುವಾರ ಕೈ ನೋಯುವವರೆಗೆ ಕುಟ್ಟಿದೆ. ಗೆಳೆಯನ ಸದ್ದೇ ಇಲ್ಲ. ಕೊನೆಗೆ ನೋಡಿದರೆ ಕೀ ಹೆಡ್‌ಫೋನಿನ ತೂತಿನಲ್ಲಿದೆ, ಹೆಡ್‌ಫೋನು ಕೀ ತೂತಿನಲ್ಲಿದೆ! ಅಳು ಬರುವುದೊಂದು ಬಾಕಿ. ಫೋರ್‌ಮನ್ನರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ ಹೆಮ್ಮೆಯಿಂದ ಹೇಳಿದರು: "ನಾನು ಹೇಳ್ಲಿಲ್ವಾ? ಹೇಗೆ ಹಾಕಿದ್ರೂ ಹೊಂದುತ್ತೆ!"

ಆಯುಧಪೂಜೆ

ಗುರುತಿಗೆ ಇರಲೆಂದು ಕೀ ತೂತಿನ ಪಕ್ಕ ಕೆಂಪು ಬಣ್ಣದ ಚುಕ್ಕೆ, ಹೆಡ್‌ಫೋನಿನ ಪಕ್ಕ ಹಳದಿ ಚುಕ್ಕೆ ಇಟ್ಟೆ. ಅಮ್ಮ ಅದನ್ನು ಕಂಡಳು. ಮಗನಿಗೆ ಕಡೆಗೂ ದೈವಭಕ್ತಿ ಬಂತು, ಆದರೆ ಅರಿಶಿನ ಕುಂಕುಮ ಇಡುವುದಕ್ಕೆ ಬರುವುದಿಲ್ಲ ಅಂದುಕೊಂಡಳು.

ಆಯುಧಪೂಜೆಯ ದಿನ ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ತೂತಿಗೂ ಅರಿಶಿನ ಕಲಸಿ ಮೆತ್ತಿ, ಒಂದೊಂದು ಸೇವಂತಿಗೆ ಸಿಕ್ಕಿಸಿದ್ದಳು.

"ಅಮ್ಮಾ, ಏನಮ್ಮಾ ಇದು!"

"ಇಷ್ಟು ದಿನ ಈ ತೂತು ಯಾತಕ್ಕೆ ಅಂತ ನನಗೂ ಗೊತ್ತಾಗಿರ್ಲಿಲ್ಲ ಕಣೋ. ಹೂ ಎಷ್ಟು ಗಟ್ಟಿಯಾಗಿ ನಿಲ್ಲತ್ತೆ ನೋಡು."

ಮರುದಿನ ಅವಳು ಜಂಬೂಸವಾರಿ ನೋಡಲು ಮೈಸೂರಿಗೆ ಹೋದಳು. ಇಳಿದುಕೊಂಡದ್ದು ಅದೇ ಗೆಳೆಯನ ಮನೆಯಲ್ಲಿ. ನಾನಿಲ್ಲಿ ಸೂಜಿ ಹಿಡಿದು ಅರಿಶಿನ ಕೆರೆಯುತ್ತಾ ಕೂತೆ.

ಕೊನೆಯ ಭಾನುವಾರ

ದೀಪಾವಳಿಗೆ ಮುಂಚಿನ ಭಾನುವಾರ. ಅಮ್ಮ ಮೈಸೂರಿಂದ ವಾಪಸ್ ಬಂದಿದ್ದಳು. ಪಿನ್ನುಗಳು ತಂತಮ್ಮ ತೂತಿನಲ್ಲೇ ಇವೆಯೆಂದು ಫೋರ್‌ಮನ್ನರೂ ನೋಡಿ ಹೇಳಿದರು. ಗೆಳೆಯ ಕರೆದ. ನಾನು ಉತ್ತರ ಕುಟ್ಟಿದೆ. ಅವನು ಮತ್ತೆ ಕರೆದ. ನಾನು ಮತ್ತೆ ಕುಟ್ಟಿದೆ. ಆಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಬಂತು. ದಸರಾ ಕಳೆದ ಮೇಲೆ ಅವನ ಹೆಡ್‌ಫೋನಿನಲ್ಲಿ ಏನೂ ಕೇಳಿಸುತ್ತಿಲ್ಲವಂತೆ. ಸೆಟ್ ಕೆಟ್ಟಿದೆಯಂತೆ. ಕೊಳ್ಳುವವರು ಬಾಗಿಲಲ್ಲೇ ನಿಂತಿದ್ದಾರಂತೆ. "ಬರ್ತೀನಿ ಗೆಳೆಯಾ" ಅಂತ ಕುಟ್ಟಿ ಮುಗಿಸಿದ.

ಹೆಡ್‌ಫೋನು ಕಿತ್ತು ಅಮ್ಮನ ಕಡೆ ತಿರುಗಿದೆ. "ಅಮ್ಮಾ, ಮೈಸೂರಲ್ಲಿ ಅವನ ಸೆಟ್ ಮುಟ್ಟಿದ್ಯಾ?"

"ಪಾಪ, ಬೋಳುಬೋಳಾಗಿತ್ತು ಕಣೋ. ಖಾಲಿ ಇದ್ದ ಒಂದು ತೂತಿಗೆ ನಾನೇ ಅರಿಶಿನ ಮೆತ್ತಿ ಹೂ ಸಿಕ್ಸಿ ಬಂದೆ."

ಕೀ, ಪಿನ್ನು, ಮೋರ್ಸು ಎಲ್ಲ ಮರೆತುಹೋಯಿತು. ಮೈಸೂರಿನ ದಿಕ್ಕಿಗೆ ತಿರುಗಿ ಬೀದಿಗೆಲ್ಲ ಕೇಳುವಂತೆ ಅರಚಿದೆ: "ಮಾರಬೇಡ್ವೋ! ತೂತು ಕೆರೆಯೋ!"

ಅಮ್ಮ ಕಿವಿ ಮುಚ್ಚಿಕೊಂಡಳು. "ಇಷ್ಟು ಜೋರಾಗಿ ಕೂಗಕ್ಕೆ ಬರೋನಿಗೆ ಆ ಸೆಟ್ಟು ಯಾಕೋ ಬೇಕಿತ್ತು?"