ಉಡಚಪ್ಪನ ಉಪಚಾರ

ರಾಣೇಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಉಡಚಪ್ಪನಿಗೆ ಇದ್ದದ್ದು ಒಂದೇ ಚಟ, ಉಪಚಾರದ ಮಾತು. ಊಟಕ್ಕೆ ಕೂತವರು ದಾರಿಯಲ್ಲಿ ಹೋಗುವವರನ್ನೂ ‘ಬರ್ರಿ, ಊಟಾ ಮಾಡೂಣು’ ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿ. ‘ಇಲ್ರಿ, ಈಗರ ಆತು’ ಎಂದು ಅವರು ಮುಂದೆ ಹೋಗುವುದೂ ಪದ್ಧತಿಯೇ. ಇಬ್ಬರೂ ಪದ್ಧತಿ ಪಾಲಿಸಿದರೆ ಅನ್ನವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಒಬ್ಬರು ತಪ್ಪಿದರೆ ಏನಾಗುತ್ತದೆಂದು ಉಡಚಪ್ಪನಿಗೆ ಕಳೆದ ಶನಿವಾರ ಗೊತ್ತಾಯಿತು.

ಅವರ ಓಣಿಯಲ್ಲಿ ‘ಕೂಡು ಹಾಡಿನ ಬಳಗ’ ಎಂಬುದೊಂದಿದೆ. ಸಂಜೆಯಾದರೆ ಇಪ್ಪತ್ತು ಜನ ಬಾಡಿಗೆ ಕೋಣೆಯೊಂದರಲ್ಲಿ ಸೇರಿ ತತ್ವಪದ, ಜನಪದ, ಭಾವಗೀತೆ ಏನು ಬಂತೋ ಅದನ್ನು ಹಾಡುತ್ತಾರೆ. ಹಾರ್ಮೋನಿಯಂ ತಿದಿ ಹರಿದು ದಮ್ಮಿನ ಮುದುಕನಂತೆ ಏದುತ್ತಿತ್ತು. ಕೋಣೆಯ ಮಾಲೀಕ ಬಾಡಿಗೆ ಏರಿಸಿದ್ದ. ಇಂಥ ಹೊತ್ತಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಶಿಕಾಂತ ಸಾವ್ಕಾರರು ಮದುವೆಯೊಂದರಲ್ಲಿ ಇವರ ಹಾಡು ಕೇಳಿ, “ಮೊದಲ ಸಂಘಾ ನೋಂದಣಿ ಮಾಡಸ್ರಿ. ದಾನಾ ಕೊಟ್ಟವರಿಗೆ ತೆರಿಗಿ ವಿನಾಯಿತಿ ಸಿಗೂವಂಗ ಮಾಡ್ರಿ. ಕಾಗದಾ ತಂದ ತೋರಸ್ರಿ. ಹಾರ್ಮೋನಿಯಂ ನಂದು, ಬಾಡಿಗೀನೂ ನಂದು” ಎಂದುಬಿಟ್ಟರು.

ಸಂಘವೆಂದರೆ ಅಧ್ಯಕ್ಷರು ಬೇಕಲ್ಲ! ಓಡಾಟವೆಲ್ಲ ಉಡಚಪ್ಪನದೇ. ಅವನು ಮೊದಲು ನಿವೃತ್ತ ಶಿಕ್ಷಕಿ ನಿರ್ಮಲಾ ಅವರ ಮನೆಗೆ ಹೋಗಿ, “ಅಕ್ಕೋರ, ನೀವ ಅಧ್ಯಕ್ಷರಾಗಬೇಕ್ರಿ. ನಿಮ್ಮನ್ನ ಬಿಟ್ರ ಯಾರದಾರ?” ಎಂದ. ಅವರು ‘ಅಯ್ಯ, ನನಗ್ಯಾಕಪಾ’ ಎನ್ನಬೇಕಿತ್ತು. “ನೀ ಇಷ್ಟ ಜುಲುಮಿ ಮಾಡಿದಮ್ಯಾಲ ಆತಪಾ” ಎಂದರು.

ಅಲ್ಲಿಗಾದರೂ ಬಾಯಿಗೆ ಬೀಗ ಹಾಕಬೇಕಿತ್ತು. ಆದರೆ ಬ್ಯಾಂಕಿನಿಂದ ನಿವೃತ್ತರಾದ ಪ್ರವೀಣಕುಮಾರರು ಎದುರಾದಾಗ, ಅವರಿಗೇನೂ ಅನ್ನದೆ ಹೋದರೆ ಬೇಜಾರಾದೀತೆಂದು ಅದೇ ಮಾತು ಆಡಿದ. ಅವರೂ ಒಪ್ಪಿದರು. ಸೈಕಲ್ ಅಂಗಡಿಯ ಫಕ್ಕೀರಸಾಬ ಬಳಗದ ತಬಲಾ ಬಾರಿಸುವವರು. ಅವರಿಗೆ ಹೇಳದಿದ್ದರೆ ಹೇಗೆ? ಅವರಂತೂ ಕಣ್ಣು ಒದ್ದೆ ಮಾಡಿಕೊಂಡು ಒಪ್ಪಿದರು. ಮೂವರಿಗೂ ಉಡಚಪ್ಪ, “ಸದ್ಯಕ್ಕ ಯಾರ ಮುಂದೂ ಹೇಳಬ್ಯಾಡ್ರಿ” ಎಂದು ಕೈಮುಗಿದು ಬಂದ.

ಆಮೇಲೆ ಅವನಿಗೆ ನಿದ್ದೆ ಬರಲಿಲ್ಲ. ಹೋದ ವರ್ಷ ಪಕ್ಕದ ಓಣಿಯ ಭಜನಾ ಮೇಳ ಇದೇ ಅಧ್ಯಕ್ಷಗಿರಿಯ ಸಲುವಾಗಿ ಒಡೆದು, ತಾಳ ಒಬ್ಬರ ಮನೆ ಸೇರಿ, ದಮ್ಮಡಿ ಇನ್ನೊಬ್ಬರ ಮನೆ ಸೇರಿತ್ತು. ಅಂಗಡಿಯಲ್ಲಿ ದಿನವಿಡೀ ಮಾಲೀಕನ ಬೈಗುಳ ತಿನ್ನುವ ಉಡಚಪ್ಪನಿಗೆ ಸಂಜೆಯ ಆ ಹಾಡಿನ ಹೊತ್ತೊಂದೇ ಜೀವ. ಬಳಗ ಒಡೆದರೆ ತಾನು ಎಲ್ಲಿಗೆ ಹೋಗುವುದು ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಶನಿವಾರ ಹಾವೇರಿಯ ಆಡಿಟರ್ ಕಚೇರಿಯಲ್ಲಿ ಸಹಿ ಹಾಕುವುದಿತ್ತು. ಪ್ರವೀಣಕುಮಾರರು ಕಾರು ತಂದರು, ಜೊತೆಗೆ ಪೇಢೆಯ ಡಬ್ಬಿ. ನಿರ್ಮಲಾ ಅಕ್ಕೋರು ಹೊಸ ಇಳಕಲ್ ಸೀರೆ ಉಟ್ಟು ಬಂದರು. ಫಕ್ಕೀರಸಾಬರ ತೊಡೆಯ ಮೇಲೆ ಸುತ್ತಿದ ದೊಡ್ಡದೊಂದು ಫ್ಲೆಕ್ಸ್.

“ಅದೇನ್ರಿ ಚಾಚಾ?” ಅಕ್ಕೋರು ಕೇಳಿದರು.

“ಸಂಜಿಮುಂದ ಗೊತ್ತಾಗ್ತೈತ್ರಿ ಅಕ್ಕೋರ” ಎಂದು ಅವರು ಮದುಮಗನಂತೆ ನಾಚಿದರು.

ಮೂವರೂ ಒಬ್ಬರಿಗೊಬ್ಬರು ಕಾಣದಂತೆ ಉಡಚಪ್ಪನ ಕಡೆ ನೋಡಿ ಗುಟ್ಟಾಗಿ ನಕ್ಕರು. ಉಡಚಪ್ಪ ಹಾವೇರಿ ಬರುವತನಕ ಕಿಟಕಿಯ ಆಚೆಯ ಗೋವಿನಜೋಳದ ಹೊಲಗಳನ್ನೇ ನೋಡಿದ.

ಆಡಿಟರ್ ಶ್ವೇತಾ ಚುರುಕಿನ ಹುಡುಗಿ. “ಟ್ರಸ್ಟ್ ಮಾಡಬೌದ್ರಿ, ಸಂಘಾನೂ ಮಾಡಬೌದು. ನಿಮ್ಮಲ್ಲಿ ಹಾಡಾವ್ರೆಲ್ಲಾ ಸದಸ್ಯರು, ಹಂಗಾಗಿ ಸಂಘನ ಚಲೋ. ಅದಾದಮ್ಯಾಲ ಆದಾಯ ತೆರಿಗಿ ಇಲಾಖೆದಾಗ ಎರಡ ನೋಂದಣಿ. ಒಂದ ಸಂಘದ ಆದಾಯಕ್ಕ, ಇನ್ನೊಂದ ದಾನಾ ಕೊಟ್ಟವ್ರಿಗೆ ವಿನಾಯಿತಿ ಸಿಗಾಕ. ಎಲ್ಲಾ ತಯಾರೈತಿ. ಅಧ್ಯಕ್ಷರು ಯಾರ್ರಿ?”

“ನಾನ” ಎಂದವು ಮೂರು ಕಂಠಗಳು. ಬಳಗದ ಇತಿಹಾಸದಲ್ಲಿ ಅವರು ಅಷ್ಟು ಸರಿಯಾಗಿ ಕೂಡಿ ದನಿ ಎತ್ತಿದ್ದು ಅದೇ ಮೊದಲು.

“ಉಡಚಪ್ಪಾ!” ಅಕ್ಕೋರು ತರಗತಿಯ ದನಿ ತೆಗೆದರು. “ಏನಿದು?”

ಫಕ್ಕೀರಸಾಬರು ಸಾಕ್ಷಿಗೆಂದು ಫ್ಲೆಕ್ಸ್ ಬಿಚ್ಚಿದರು. ‘ನೂತನ ಅಧ್ಯಕ್ಷರಿಗೆ ಹಾರ್ದಿಕ ಅಭಿನಂದನೆಗಳು’ ಎಂಬುದರ ಕೆಳಗೆ ಅವರೇ ತಂಪು ಕನ್ನಡಕ ಹಾಕಿಕೊಂಡು ನಿಂತಿದ್ದರು. “ಓಣಿ ತುಂಬ ಹಂಚಾಕ ಪೇಢೆ ತಂದೇನಿ, ನನ್ನ ಮರ್ಯಾದಿ ಏನಾಗಬೇಕು?” ಎಂದು ಪ್ರವೀಣಕುಮಾರರು ಮೇಜು ಕುಟ್ಟಿದರು. “ನಾಳಿಂದ ನಾ ಹಾಡಾಕ ಬರೂದಿಲ್ಲ” ಎಂದು ಅಕ್ಕೋರು ಎದ್ದೇ ನಿಂತರು. ತಾಳ ಒಂದು ಮನೆಗೆ, ತಬಲಾ ಇನ್ನೊಂದು ಮನೆಗೆ ಹೋಗುವುದು ಉಡಚಪ್ಪನ ಕಣ್ಣಿಗೆ ಕಾಣತೊಡಗಿತು.

“ಯಾರರ ಆಗ್ರಿ, ಲಗೂ ಹೇಳ್ರಿ” ಎಂದಳು ಶ್ವೇತಾ. “ಅಧ್ಯಕ್ಷರ ಪ್ಯಾನು, ಆಧಾರು ಬೇಕು. ವರ್ಷಾ ಲೆಕ್ಕಾ ಸಲ್ಲಸಬೇಕು. ದಾನಿಗಳ ಪಟ್ಟಿ ತಡಾ ಆದ್ರ ದಂಡಾ. ನೋಟಿಸು ಅವರ ಹೆಸರಿಗೇ ಬರ್ತಾವು. ಓಟಿಪಿ ಯಾವಾಗ ಬರ್ತೈತಿ ಹೇಳಾಕ ಬರೂದಿಲ್ಲ, ಫೋನು ಕೈಯಾಗ ಹಿಡಕೊಂಡಿರಬೇಕು.”

ಪ್ರವೀಣಕುಮಾರರು ಮೇಜಿನ ಮೇಲಿಂದ ಕೈ ಹಿಂದೆ ತೆಗೆದುಕೊಂಡರು.

“ನನಗ ಬೀಪಿ ಐತಿ” ಎಂದು ಅಕ್ಕೋರು ಮೆಲ್ಲಗೆ ಕುಳಿತರು.

“ನೋಟಿಸು ಅಂದ್ರ ಪೆನ್ಶನ್ನಿಗೆ ತ್ರಾಸ” ಎಂದರು ಪ್ರವೀಣಕುಮಾರರು.

ಫಕ್ಕೀರಸಾಬರು ಫ್ಲೆಕ್ಸ್ ಸುತ್ತುತ್ತ, “ನನ್ನ ಫೋಟೋದ ಮ್ಯಾಲ ಉಡಚಪ್ಪಂದು ಹಚ್ಚಿದ್ರ ಆತು” ಎಂದರು.

ಹೀಗೆ ಮೂರೇ ನಿಮಿಷದಲ್ಲಿ ಉಡಚಪ್ಪ ಅವಿರೋಧವಾಗಿ ಅಧ್ಯಕ್ಷನಾದ. ಸಹಿ ಹಾಕುವಾಗ ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಬಳಗ ಒಡೆಯಲಿಲ್ಲ. ಅರ್ಜಿ ಸಲ್ಲಿಕೆಯಾದ ಕಾಗದ ಹಿಡಿದು ನಾಲ್ವರೂ ಪೇಢೆ ತಿನ್ನುತ್ತ ಬ್ಯಾಡಗಿಗೆ ಹೊರಟರು.

ಸಾವ್ಕಾರರು ಮೆಣಸಿನಕಾಯಿ ಚೀಲಗಳ ನಡುವೆ ಕುಳಿತಿದ್ದರು. ಘಾಟಿಗೆ ನಾಲ್ವರೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಕಾಗದ ಮುಂದಿಟ್ಟರು. ಸಾವ್ಕಾರರು ಅದನ್ನು ಓದಿದರು, ತಿರುವಿ ಮತ್ತೆ ಓದಿದರು. ಮೆಣಸಿನಕಾಯಿಯ ಘಾಟು ಎಂದೂ ತಾಗದ ಅವರ ಮುಖದಲ್ಲಿ ಬೆವರು ಕಾಣಿಸಿತು.

“ಖರೇನ ಮಾಡಿಸ್ಕೊಂಡ ಬಂದ್ರೇನ್ರಿ?”

“ನೀವ ಹೇಳಿದ್ರೆಲ್ರಿ ಸಾವ್ಕಾರ್ರ!”

“ಹೇಳತೇನ್ರೀ! ವರ್ಗಣಿ, ದೇಣಿಗಿ ಕೇಳಾಕ ಬಂದವ್ರಿಗೆಲ್ಲಾ ಹಂಗ ಹೇಳತೇನಿ. ಇಲ್ಲಂತ ಹೆಂಗ ಅನ್ನೂದು, ಬಾಯಿ ಬರೂದಿಲ್ಲ. ನೋಂದಣಿ ಮಾಡಸ್ರಿ ಅಂದ್ರ ಮುಂದ ಯಾರೂ ತಿರುಗಿ ಬರೂದಿಲ್ಲ. ಇಪ್ಪತ್ತ ವರ್ಷದಾಗ ಬಂದವ್ರು ನೀವ ಮೊದಲನೇದವ್ರು. ಈ ಸಲ ಮೆಣಸಿನಕಾಯಿ ಧಾರಣಿ ಬ್ಯಾರೆ ಬಿದ್ದೈತಿ.” ಅವರು ಪಾಪ ನಿಜವಾಗಿಯೂ ನೊಂದುಕೊಂಡಿದ್ದರು.

ಯಾರಿಗೂ ಸಿಟ್ಟು ಬರಲಿಲ್ಲ. ಮೂವರೂ ಉಡಚಪ್ಪನ ಮುಖ ನೋಡಿದರು, ಅವನು ನೆಲ ನೋಡಿದ. ಮೊದಲು ನಕ್ಕವರು ಅಕ್ಕೋರು. ನಗುವಿಗೆ ಕೆಮ್ಮು ಕೂಡಿ, ಕೆಮ್ಮಿಗೆ ಸೀನು ಕೂಡಿ, ಸಾವ್ಕಾರರೂ ನಕ್ಕರು. ಹರಿದ ತಿದಿಗೆ ತಮ್ಮ ಅಂಗಡಿಯ ಟ್ಯೂಬಿನ ತೇಪೆ ಹಾಕಿ ನೋಡೋಣವೆಂದು ಫಕ್ಕೀರಸಾಬರು ಹೇಳಿದರು. ಬಾಡಿಗೆಗೆ ಎಲ್ಲರೂ ಪಟ್ಟಿ ಹಾಕಿ ಹಣ ಕೂಡಿಸಿದರಾಯಿತು ಎಂದರು ಪ್ರವೀಣಕುಮಾರರು.

ಉಡಚಪ್ಪನಿಗೆ ಮಾತ್ರ ಆಗ ನೆನಪಾಯಿತು: ದಾನ ಬರಲಿ ಬಿಡಲಿ, ಲೆಕ್ಕ, ನೋಟಿಸು, ಓಟಿಪಿ ಎಲ್ಲ ತನ್ನ ಕೊರಳಿಗೇ. ಎದುರಿಗೆ ಕೂತ ಸಾವ್ಕಾರರು ವ್ಯವಹಾರಸ್ಥರು, ಮನೆಯಲ್ಲೇ ಗುಮಾಸ್ತರನ್ನು ಇಟ್ಟುಕೊಂಡವರು. ಅವನು ಎರಡೂ ಕೈ ಜೋಡಿಸಿ, ಬದುಕಿನಲ್ಲಿ ಮೊದಲ ಬಾರಿಗೆ ಮನಸ್ಸಾರೆ, ಕರುಳು ಕಿತ್ತು ಬರುವಂತೆ ಹೇಳಿದ:

“ಸಾವ್ಕಾರ್ರ, ನಿಮ್ಮ ಕಾಲ ಬೀಳತೇನಿ. ನೀವ ನಮ್ಮ ಅಧ್ಯಕ್ಷರಾಗ್ರಿ. ನಿಮ್ಮನ್ನ ಬಿಟ್ರ ಯಾರದಾರ?”

ಸಾವ್ಕಾರರು ಪದ್ಧತಿ ಬಲ್ಲವರು. ಅವನ ಕೈಗಳನ್ನು ಪ್ರೀತಿಯಿಂದ ಹಿಡಿದು ನಕ್ಕರು.

“ಅಯ್ಯ, ನನಗ್ಯಾಕ್ರಿ! ನೀವ ಅದೀರಲ್ಲ!”