ಪಾರಿವಾಳದ ಕತ್ತಿನ ಬಣ್ಣದ ಹೊಗೆ

ಕಟಿಂಗ್ ಅಂಗಡಿ ಇದ್ದದ್ದು ಮೂರು ಬೀದಿಯಾಚೆ. ನಡೆದರೆ ಹತ್ತು ನಿಮಿಷ. ಆದರೆ ಮಾವನವರ ಐವತ್ತು ವರ್ಷದ ಕಾರು ಶೆಡ್ಡಿನಲ್ಲಿ ಮಿರಮಿರ ಮಿಂಚುತ್ತಾ ನಿಂತಿರುವಾಗ ಯಾವ ಮನೆ ಅಳಿಯ ತಾನೇ ನಡೆದಾನು?

ನಡೆಯಬೇಕಿತ್ತು. ಊರಿಗೆ ಹೊರಡುವಾಗ ಮಾವ ಬಿಡಿಸಿ ಹೇಳಿದ್ದರು: "ಅಳಿಯಂದ್ರೇ, ನಾನು ಬರೋ ತನಕ ನಾಲ್ಕು ದಿನ ಕಾರು ಮುಟ್ಟಬೇಡಿ. ಮುಟ್ಟದೇ ಇದ್ರೆ ಆಮೇಲೆ ಅದು ನಿಮ್ದೇ." ಮೂರು ದಿನ ಅಳಿಯ ಹಲ್ಲು ಕಚ್ಚಿ ತಡೆದುಕೊಂಡ. ನಾಲ್ಕನೆಯ ದಿನ ಬೆಳಗ್ಗೆ ಕೈ ಕೇಳಲಿಲ್ಲ. ಮಾವ ಬರುವುದು ಸಂಜೆ ಐದಕ್ಕೆ ತಾನೇ?

ಹೋಗುವಾಗ ಅವನಿಗೇನೂ ತಿಳಿಯಲಿಲ್ಲ. ಬರುವಾಗ ಕನ್ನಡಿ ನೋಡಿದರೆ ಹಿಂದೆ ಬೀದಿಯೇ ಇಲ್ಲ, ಬರೀ ಹೊಗೆ. ಮನೆ ಮುಂದೆ ನಿಲ್ಲಿಸುವಷ್ಟರಲ್ಲಿ ಹೆಂಡತಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಓಡಿಬಂದಳು.

"ಏನ್ರೀ ಇದು? ಅಪ್ಪನಿಗೆ ಏನ್ ಹೇಳ್ತೀರಿ?"

"ಐದರೊಳಗೆ ಸರಿ ಮಾಡ್ತೀನಿ, ಸುಮ್ನಿರು" ಎಂದ ಅಳಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಮೆಕ್ಯಾನಿಕ್ ಪರವೂರಿನಲ್ಲಿ ನೆಂಟರ ಮನೆಯಲ್ಲಿ ಊಟಕ್ಕೆ ಕೂತಿದ್ದ.

"ಹೊಗೆ ಯಾವ ಬಣ್ಣ ಸಾರ್? ಬಿಳಿ ಆದ್ರೆ ಎಂಜಿನ್ನೊಳಗೆ ನೀರು ಹೋಗಿದೆ. ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ. ನೀಲಿ ಆದ್ರೆ ಆಯಿಲ್ ಸುಡ್ತಿದೆ. ನೋಡಿ ಹೇಳಿ."

ಎದುರು ಮನೆಯ ಹಲ್ಲಿನ ಡಾಕ್ಟರು ಆಗಲೇ ಟಾರ್ಚು ಹಿಡಿದು ಬಂದಿದ್ದರು. "ಒಳಗೇ ಏನೋ ಹುಳುಕಿದೆ. ಎಲ್ಲಿ, ಸ್ಟಾರ್ಟ್ ಮಾಡಿ" ಎಂದು ಸೈಲೆನ್ಸರ್ ಬಾಯಿಗೆ ಮುಖ ಕೊಟ್ಟು ಕೂತರು. ಅಳಿಯ ಸ್ಟಾರ್ಟ್ ಮಾಡಿದ. ಡಾಕ್ಟರು ಎದ್ದಾಗ ಅವರ ಹಲ್ಲು ಮಾತ್ರ ಬೆಳ್ಳಗಿದ್ದವು.

"ಕಪ್ಪು" ಎಂದು ಕೆಮ್ಮುತ್ತಲೇ ತೀರ್ಪು ಕೊಟ್ಟರು.

"ಬಿಳಿ ಅಲ್ವೇನ್ರೀ" ಎಂದಳು ಹೆಂಡತಿ.

ಪಕ್ಕದ ಮನೆಯ ಬಟ್ಟೆ ಅಂಗಡಿಯವರಿಗೆ ಇದನ್ನು ಸಹಿಸಲಾಗಲಿಲ್ಲ. ಮೂವತ್ತು ವರ್ಷ ಬಟ್ಟೆ ಮಾರಿದವರ ಮುಂದೆ ಇವರೆಲ್ಲ ಬಣ್ಣ ಹೇಳುವುದೆಂದರೇನು? ಬಿಳಿ ಬೆಡ್‌ಶೀಟ್ ತಂದು, ಡಾಕ್ಟರ ಕೈಗೊಂದು ತುದಿ, ಅಳಿಯನ ಹೆಂಡತಿಯ ಕೈಗೊಂದು ತುದಿ ಕೊಟ್ಟು, ಹೊಗೆಯ ಹಿಂದೆ ಪರದೆಯಂತೆ ಹಿಡಿಸಿದರು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಕಪ್ಪೂ ಅಲ್ಲ, ಬಿಳೀನೂ ಅಲ್ಲ. ಇದು ಪಾರಿವಾಳದ ಕತ್ತು."

"ಪಾರಿವಾಳದ ಕತ್ತಂತೆ" ಎಂದ ಅಳಿಯ ಫೋನಿಗೆ.

"ಅಯ್ಯೋ, ಅದು ಎಂಜಿನ್ನೊಳಗೆ ಹೆಂಗ್ ಹೋಯ್ತು ಸಾರ್?"

"ನೀಲಿಗೇ ಸೇರುತ್ತೆ ಅಂತ ಹೇಳ್ರೀ" ಎಂದು ಅಂಗಡಿಯವರು ರೇಗಿದರು.

ನೀಲಿ ಎಂದಮೇಲೆ ಆಯಿಲ್. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. "ಕೆಳಗಿನ ಬೋಲ್ಟ್ ಸಡಿಲ ಮಾಡಿ ಒಂದು ಲೀಟರ್ ಇಳಿಸಿ, ಅಷ್ಟೇ" ಎಂದ ಮೆಕ್ಯಾನಿಕ್. ಎಂಜಿನ್ ಆರಿದ ಮೇಲೆ ಅಳಿಯ ಕಾರಿನಡಿ ನುಗ್ಗಿ ಇಳಿಸಿದ. ಅರ್ಧ ಬಕೆಟ್ಟಿಗೆ ಬಿತ್ತು, ಇನ್ನರ್ಧ ಹೊಸ ಕಟಿಂಗಿನ ಮೇಲೆ. ಎರಡು ಸುತ್ತು ಓಡಿಸಿ ನೋಡಿದರೆ ಹೊಗೆಯ ಸುಳಿವೇ ಇಲ್ಲ. ಬಾಯಿ ಬಿಡುವುದಿಲ್ಲವೆಂದು ನೆರೆಯವರಿಬ್ಬರೂ ಆಣೆ ಇಟ್ಟರು. ಹಾಗಂತ ಯಾರೂ ಮನೆಗೆ ಹೋಗಲಿಲ್ಲ.

ಮಾವ ಐದಕ್ಕೆ ಸರಿಯಾಗಿ ಬಂದರು. ಬ್ಯಾಗು ಕೆಳಗಿಟ್ಟವರೇ ಕಾರು ಹೊರತೆಗೆದು, ಬೀದಿಯ ಕೊನೆತನಕ ಓಡಿಸಿ ತಂದು, ಹಿಂದೆ ಬಗ್ಗಿ ನೋಡಿದರು. ಬೀಗದ ಕೈ ಇಸಿದುಕೊಳ್ಳಲು ಅಳಿಯನ ಕೈ ಆಗಲೇ ಅರ್ಧ ಮುಂದೆ ಬಂದಿತ್ತು.

"ಹೊಗೆ ಎಲ್ಲಿ?" ಎಂದರು ಮಾವ.

"ಯಾವ ಹೊಗೆ ಮಾವ?"

"ಊರಿಗೆ ಹೋಗೋ ಮುಂಚೆ ನಾನೇ ಒಂದು ಲೀಟರ್ ಆಯಿಲ್ ಜಾಸ್ತಿ ಹುಯ್ದು ಹೋಗಿದ್ದೆ ಅಳಿಯಂದ್ರೇ. ನೀವು ಕಾರು ತೆಗೆದ್ರೆ ಬೀದಿಗೆಲ್ಲ ಗೊತ್ತಾಗ್ಲಿ ಅಂತ. ಮುಟ್ಟದೇ ಇದ್ದಿದ್ರೆ ಈಗ ಹೊಗೆ ಬರಬೇಕಿತ್ತು."

ಅರ್ಧ ಮುಂದೆ ಬಂದಿದ್ದ ಅಳಿಯನ ಕೈ ಹಿಂದಕ್ಕೆ ಸರಿಯಿತು. ಡಾಕ್ಟರು ಆಕಾಶ ನೋಡಿದರು. ಮಾವ ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

"ಅಪ್ಪಾ, ನಾಲ್ಕು ದಿನದಿಂದ ನಾನು ಅದನ್ನ ಬೆರಳಲ್ಲೂ ಮುಟ್ಟಿಲ್ಲ."

ಮಾವ ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು. ಬೀಗದ ಕೈ ಮಗಳ ಅಂಗೈಗೆ ಬಿತ್ತು. ಅವಳು ಸ್ಟಿಯರಿಂಗ್ ಹಿಂದೆ ಕೂತು, ಕೈ ಹಿಂದಕ್ಕೆ ಚಾಚಿ ಗಂಡನಿಗೆ ಹಿಂದಿನ ಬಾಗಿಲು ತೆರೆದಳು.

"ಬನ್ನಿ, ಒಂದು ರೌಂಡ್ ಹೋಗ್ಬರೋಣ. ಏನನ್ನೂ ಮುಟ್ಟೋ ಹಾಗಿಲ್ಲ, ಕೈಕಟ್ಟಿ ಕೂತ್ಕೋಬೇಕು."